ಕಂಟ್ರೋಲರ ಕಾರಿನ ಇಲಿ

ನಮ್ಮ ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಇಲಿಗಳ ಕಾಟ ತಪ್ಪಿಸಿದವರು ಯಾರು ಎಂದು ಕೇಳಿದರೆ ಎಲ್ಲರೂ ಕಂಟ್ರೋಲರ ಕಡೆ ಕೈ ತೋರಿಸುತ್ತಾರೆ. ಹಾಗೆ ಹೊರಟ ಇಲಿಗಳೆಲ್ಲ ಯಾರ ಕಾರಿನಲ್ಲಿ ಹೋಗಿ ಸಂಸಾರ ಹೂಡಿದವು ಎಂದು ಕೇಳಿದರೂ ಅವರ ಕಡೆಗೇ ಕೈ ತೋರಿಸಬೇಕಾಗುತ್ತದೆ. ಆದರೆ ಹಾಗೆ ಯಾರೂ ಕೇಳುವುದಿಲ್ಲ. ಒಂದೇ ಮೆಟ್ಟಿಲು ಹತ್ತಿ ಇಳಿಯುವ ಜನ ನಾವು.

ಕಂಟ್ರೋಲರು ಎಂಬುದು ಅವರ ಹೆಸರಲ್ಲ, ಮಾಡಿ ಮುಗಿಸಿದ ಕೆಲಸ. ದೊಡ್ಡ ಬಸ್ ನಿಲ್ದಾಣದ ನಡುವೆ ಒಂದು ಗಾಜಿನ ಕೋಣೆ. ಅದರೊಳಗೆ ಕೂತು ಯಾವ ಬಸ್ಸು ಯಾವಾಗ ಹೊರಡಬೇಕು, ಯಾವುದು ಯಾಕೆ ತಡವಾಗಿ ಬಂತು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಅವರು ಸೀಟಿ ಊದದೆ ಒಂದು ಚಕ್ರವೂ ಉರುಳುತ್ತಿರಲಿಲ್ಲ. ನಿವೃತ್ತಿಯ ದಿನ ಹಾರ, ಶಾಲು, ಗಡಿಯಾರ ಎಲ್ಲ ಕೊಟ್ಟು ಕಳಿಸಿದರು. ಸೀಟಿಯನ್ನು ವಾಪಸು ಕೇಳಲು ಮರೆತರು. ಅದು ಈಗಲೂ ಅವರ ಕೊರಳಲ್ಲಿದೆ. ಹಾಲು ತರಲು ಹೋಗುವಾಗಲೂ ಇರುತ್ತದೆ.

ಯಾವುದಾದರೂ ಬಸ್ಸಿನ ಮೈಮೇಲೆ ಗೀರು ಕಂಡರೆ ಕಂಟ್ರೋಲರು ಚಾಲಕನನ್ನು ಗಾಜಿನ ಕೋಣೆಗೆ ಕರೆಸುತ್ತಿದ್ದರಂತೆ. ಅವನು, “ಕಂಬ ಕಟ್ಟಿರೋದೇ ಸರಿಯಿಲ್ಲ ಸಾರ್” ಎಂದು ತಲೆ ಕೆರೆದುಕೊಂಡರೆ, “ಕಂಬಕ್ಕೆ ಕಾಲಿದೆಯೇನಯ್ಯಾ? ಅದಾಗೇ ನಡ್ಕೊಂಡು ಬಂದು ನಿನ್ನ ಬಸ್ಸಿಗೆ ಗುದ್ದಿತಾ?” ಎಂದು ಕೇಳಿ, ಆ ದಿನದ ಕೆಲಸ ತಪ್ಪಿಸಿ ಮನೆಗೆ ಕಳಿಸುತ್ತಿದ್ದರಂತೆ. ಈ ಮಾತನ್ನು ಅವರೇ ನಮಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿಸಲವೂ ಕಂಬದ ಭಾಗ ಬಂದಾಗ ನಾವು ನಗುತ್ತಿದ್ದೆವು. ನಗದಿದ್ದರೆ ಇನ್ನೊಂದು ಸಲ ಹೇಳುತ್ತಿದ್ದರು.

ಜೀವಮಾನವೆಲ್ಲ ಬಸ್ಸುಗಳನ್ನು ಕಳಿಸಿಕೊಟ್ಟವರು ಸ್ವತಃ ಯಾವುದನ್ನೂ ಓಡಿಸಿರಲಿಲ್ಲ. ನಿವೃತ್ತಿಯ ನಂತರ ಕಾರು ಓಡಿಸಲು ಕಲಿತು, ಪರವಾನಗಿ ಪಡೆದು, ಬಿಳಿಯ ಸಣ್ಣ ಕಾರೊಂದನ್ನು ಕೊಂಡರು. ಕೊಂಡಿದ್ದು ಹೆಂಡತಿಗಾಗಿ ಎಂದರೆ ತಪ್ಪಲ್ಲ. ಆಕೆಯ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಹೊಳೆಯ ಆಚೆ ದಡದ ಬಡಾವಣೆಯಲ್ಲಿ, ಮೂರನೇ ಮಹಡಿಯಲ್ಲಿ ಅವರ ಮನೆ. ಕೆಳಗೆ ಇಳಿಯುವ ಹಾಗಿಲ್ಲ. ತಂಗಿಗೋ ಮಂಡಿನೋವು, ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವ ಹಾಗಿಲ್ಲ. “ಕಾರು ಬರ್ಲಿ, ವಾರವಾರ ಕರ್ಕೊಂಡು ಹೋಗ್ತೀನಿ” ಎಂದು ಕಂಟ್ರೋಲರು ಮಾತು ಕೊಟ್ಟಿದ್ದರು. ಅಕ್ಕನಿಗೂ ಫೋನಿನಲ್ಲಿ ಹೇಳಿದ್ದರು. ನಮಗೂ ಹೇಳಿದ್ದರು.

ಕಾರು ಬಂದ ವಾರವೇ ಗಂಡ ಹೆಂಡತಿ ಹೊರಟರು. ಕಾರು ಗೇಟಿನವರೆಗೆ ಚೆನ್ನಾಗಿಯೇ ಹೋಯಿತು. ಗೇಟಿನಲ್ಲಿ ಎಡಗಡೆಯ ಎರಡೂ ಬಾಗಿಲು ಕಂಬಕ್ಕೆ ತಾಗಿ, ಕರ್‌ರ್ ಎಂದು ಉದ್ದಕ್ಕೂ ಗೀರು ಬಿತ್ತು. ಕಂಟ್ರೋಲರು ಇಳಿದರು. ಬಾಗಿಲು ನೋಡಲಿಲ್ಲ, ಕಂಬವನ್ನು ನೋಡಿದರು. ಅದರ ಸುತ್ತ ಒಂದು ಸುತ್ತು ಬಂದರು. “ಕಟ್ಟಿರೋದೇ ಸರಿಯಿಲ್ಲ” ಎಂದರು. ಆಮೇಲೆ ಕಾರನ್ನು ಹಿಂದಕ್ಕೆ ತಂದು ಅದರ ಜಾಗದಲ್ಲಿ ನಿಲ್ಲಿಸಿ ಬೂದುಬಣ್ಣದ ಹೊದಿಕೆ ಹೊದಿಸಿದರು. ಎಡಗಡೆಯಿಂದಲೇ ಶುರುಮಾಡಿದರು.

ಇದನ್ನು ಕಂಡವರು ಇಬ್ಬರೇ. ಪಕ್ಕದ ಸೀಟಿನಲ್ಲಿದ್ದ ಅವರ ಹೆಂಡತಿ, ಮತ್ತು ಗೇಟಿನ ಎದುರಿಗೇ ಇರುವ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಾನು. ನಾನು ತಕ್ಷಣ ಒಂದು ಒದ್ದೆ ಲುಂಗಿಯ ಹಿಂದೆ ನಿಂತುಕೊಂಡೆ. ಅಂದಿನಿಂದ ಕಂಟ್ರೋಲರಿಗೆ ಕಾರು ಓಡಿಸಲು ಭಯ. ಹಾಗೆಂದು ಬಾಯಿಬಿಟ್ಟು ಹೇಳುವ ಪೈಕಿ ಅವರಲ್ಲ. ಮುಂದಿನ ವಾರ ಟೈರಿನಲ್ಲಿ ಗಾಳಿ ಕಮ್ಮಿಯಿತ್ತು. ಅದರ ಮುಂದಿನ ವಾರ ಗಾಳಿ ಜಾಸ್ತಿಯಾಗಿತ್ತು. ಆಮೇಲೆ ಸೇತುವೆಯ ಮೇಲೆ ರಿಪೇರಿ ನಡೆಯುತ್ತಿದೆ ಎಂಬ ಸುದ್ದಿ ಬಂತು, ತಂದವರು ಅವರೇ.

ಹೆಂಡತಿ ಒಮ್ಮೆ, “ಹಾಗಾದ್ರೆ ಬಾಡಿಗೆ ಕಾರಲ್ಲಿ ಹೋಗಿ ಬರ್ತೀನಿ, ಬಿಡಿ” ಎಂದರು.

“ಮನೆ ಕೆಳಗೆ ಕಾರಿಟ್ಕೊಂಡು ಬಾಡಿಗೆ ಕಾರಾ? ನೋಡ್ದೋರು ಏನಂತಾರೆ?”

“ಹಾಗಾದ್ರೆ ಒಬ್ಬ ಡ್ರೈವರನ್ನ ಕರೀರಿ.”

“ಲೇ, ಡ್ರೈವರ್‌ಗಳನ್ನ ಆಳಿದೋನು ಕಣೇ ನಾನು. ಈಗ ಅವನ ಪಕ್ಕ ಕೂತು, ಅವನು ಕರ್ಕೊಂಡು ಹೋದಲ್ಲಿಗೆ ಹೋಗಲಾ?”

ಆಕೆ ಕಡಿಮೆ ಮಾತಿನ ಹೆಂಗಸು. ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದರಂತೆ. ನಡುವೆ ಜಾಗ ಸಿಗದೆ ಬಿಟ್ಟರಂತೆ.

ಹೀಗೆ ನೆಪಗಳೆಲ್ಲ ಮುಗಿಯುತ್ತ ಬಂದು, ಒಂದು ಭಾನುವಾರ ಕಂಟ್ರೋಲರಿಗೆ ಹೊರಡದೆ ಬೇರೆ ದಾರಿಯೇ ಇರಲಿಲ್ಲ. ಹೆಂಡತಿ ಸೀರೆಯುಟ್ಟು, ಅಕ್ಕನಿಗೆಂದು ಹಣ್ಣಿನ ಚೀಲ ಹಿಡಿದು ಕಾರಿನಲ್ಲಿ ಕೂತಿದ್ದರು. ಕಂಟ್ರೋಲರು ಕೀಲಿ ತಿರುಗಿಸಿದರು. ಕಾರು ಉಸಿರೆತ್ತಲಿಲ್ಲ. ಮತ್ತೆ ತಿರುಗಿಸಿದರು. ಊಹೂಂ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಒಳಗಿಂದ ತುಂಡಾದ ವೈರೊಂದನ್ನು ಎಳೆದು ತೋರಿಸಿದ.

“ಇಲಿ ಸಾರ್. ನೋಡಿ, ಹೆಂಗೆ ಅಚ್ಚುಕಟ್ಟಾಗಿ ಕಡಿದಿದೆ.”

“ವೈರಲ್ಲಿ ಏನಿರತ್ತಯ್ಯಾ ತಿನ್ನೋಕೆ?”

“ತಿನ್ನಲ್ಲ ಸಾರ್, ಕಡಿಯತ್ತೆ ಅಷ್ಟೆ. ಅದರ ಹಲ್ಲು ಬೆಳೀತಾನೇ ಇರತ್ತೆ. ಸವೆಸದೇ ಇದ್ರೆ ಬಾಯಿ ಮುಚ್ಚೋಕಾಗಲ್ಲ. ನಮ್ಮತ್ತೆಗೆ ಮಾತು ಹೆಂಗೋ, ಅದಕ್ಕೆ ವೈರು ಹಂಗೆ.”

ಕಂಟ್ರೋಲರು ಆ ವೈರನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಕೇಳದೆಯೇ ರಜೆ ಮಂಜೂರಾದವರ ಮುಖ ಅವರದಾಗಿತ್ತು. ಹೆಂಡತಿ ಹಣ್ಣಿನ ಚೀಲ ಹಿಡಿದು, ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಮನೆಗೆ ಹೋದರು.

ಅಲ್ಲಿಂದ ಕಂಟ್ರೋಲರಿಗೆ ಇಲಿಯ ವಿಷಯದಲ್ಲಿ ಆಳವಾದ ಆಸಕ್ತಿ ಹುಟ್ಟಿತು. ಓದಿದರು, ಕೇಳಿದರು, ಕಾಳಿನ ಮಂಡಿಗೆ ಹೋಗಿ ವಿಚಾರಿಸಿದರು. ತಿಳಿದದ್ದನ್ನು ಒಳಗೇ ಇಟ್ಟುಕೊಳ್ಳುವ ಸ್ವಭಾವ ಅವರದಲ್ಲ. ಅಷ್ಟರಲ್ಲಿ ಮೊದಲ ಮಹಡಿಯ ಹಲ್ಲಿನ ಡಾಕ್ಟರಮ್ಮನ ಕಾರಿಗೂ ಇಲಿ ಹೊಕ್ಕಿತು. ಆಕೆ ವಿಷ ಇಟ್ಟರು. ಇಲಿ ಅದನ್ನು ತಿಂದು, ಯಾರ ಕೈಗೂ ಎಟುಕದ ಕಡೆ ಹೋಗಿ ಸತ್ತಿತು. ತಿಂಗಳುಗಟ್ಟಲೆ ಡಾಕ್ಟರಮ್ಮ ಕಾರಿನಲ್ಲೂ ಬಾಯಿಗೆ ಮುಸುಕು ಹಾಕಿಕೊಂಡೇ ಓಡಾಡಿದರು. ನನ್ನ ಕಾರಿನಲ್ಲಿ ಇಲಿ ಸೀಟು ಕೊರೆದು ಹತ್ತಿ ತೆಗೆದಿತ್ತು. ಜನ ಗಾಬರಿಯಾಗಿದ್ದರು. ಕಂಟ್ರೋಲರು ಸೀಟಿ ಊದಿ ಎಲ್ಲರನ್ನೂ ಕಾರು ನಿಲ್ಲಿಸುವ ಜಾಗದಲ್ಲಿ ಸೇರಿಸಿದರು.

ಆ ದಿನದ ಭಾಷಣವನ್ನು ನಾವು ಇನ್ನೂ ಮರೆತಿಲ್ಲ. ಮರೆಯಲು ಅವರು ಬಿಟ್ಟಿಲ್ಲ. ಕಾರಿನಲ್ಲಿ ಕೂತು ಯಾರೂ ಏನೂ ತಿನ್ನಕೂಡದು. ಮಕ್ಕಳು ಚೆಲ್ಲುವ ಬಿಸ್ಕತ್ತಿನ ಪುಡಿಯೇ ಇಲಿಗೆ ಕಳಿಸುವ ಕರೆಯೋಲೆ. ಕಸದ ಡಬ್ಬಿಗಳು ಈ ಮೂಲೆಯಿಂದ ಆ ಮೂಲೆಗೆ ಹೋಗಬೇಕು. ಗಾಳಿ ಒಳಗೆ ಹೋಗುವ ಬಾಯಿಗೆಲ್ಲ ತಂತಿಯ ಜಾಲರಿ ಹಾಕಿಸಬೇಕು. ಎಂಜಿನ್ನಿನ ಬದಿಗೆ ಹೊಗೆಸೊಪ್ಪಿನ ಕಟ್ಟು ಕಟ್ಟಬೇಕು. ಕಾರನ್ನು ನಿಲ್ಲಿಸಿದಾಗ ಬಾನೆಟ್ ತೆರೆದಿಟ್ಟರೆ ಇನ್ನೂ ಒಳ್ಳೆಯದು. ಇಲಿಗೆ ಬೇಕಾದದ್ದು ಕತ್ತಲೆ ಮತ್ತು ಬೆಚ್ಚಗಿನ ಜಾಗ, ಅವೆರಡನ್ನೂ ಕೊಡಕೂಡದು. ವಿಷ ಮಾತ್ರ ಬೇಡವೇ ಬೇಡ. ಇಲ್ಲಿ ಅವರು ಡಾಕ್ಟರಮ್ಮನ ಕಡೆ ನೋಡಿದರು. ಆಕೆ ಮುಸುಕು ಸರಿಮಾಡಿಕೊಂಡರು.

“ವಿಷ ಬೇಡ ಅಂದ್ರೆ ಮತ್ತೇನ್ ಮಾಡೋದು ಸಾರ್?”

“ಬೋನು. ಬೋನಿಗೆ ಬಿದ್ದ ಇಲಿನ ಸೇತುವೆ ಆಚೆ ಬಯಲಿಗೆ ಬಿಟ್ಟು ಬರಬೇಕು. ಈಚೆ ಬಿಟ್ರೆ ವಾಸನೆ ಹಿಡ್ಕೊಂಡು ವಾಪಸ್ ಬರತ್ತೆ.”

“ಯಾರು ಬಿಟ್ಟು ಬರೋದು? ವಾಚ್‌ಮನ್ನಿಗೆ ಕೊಟ್ರೆ ಆಗಲ್ವಾ?” ಎಂದು ನಾನು ಕೇಳಿದೆ.

ಕಂಟ್ರೋಲರು ನನ್ನನ್ನು, ತಡವಾಗಿ ಬಂದ ಬಸ್ಸನ್ನು ನೋಡುವ ಹಾಗೆ ನೋಡಿದರು. “ಯಾರ ಕಾರಲ್ಲಿ ಸಿಗತ್ತೋ, ಅವರೇ, ಅದೇ ಕಾರಲ್ಲಿ, ತಾವೇ ಓಡಿಸ್ಕೊಂಡು ಹೋಗಿ ಬಿಡಬೇಕು. ಇನ್ನೊಬ್ಬರ ತಲೆಗೆ ಕಟ್ಟೋ ಹಾಗಿಲ್ಲ. ಆಗ್ಲೇ ಜನಕ್ಕೆ ಜವಾಬ್ದಾರಿ ಬರೋದು. ಜೊತೆಗೊಬ್ಬ ಸಾಕ್ಷಿ ಇರಬೇಕು. ಇಲ್ದಿದ್ರೆ ಪಕ್ಕದ ಬೀದೀಲಿ ಬಿಟ್ಟು, ಸೇತುವೆ ಆಚೆ ಬಿಟ್ಟೆ ಅಂತೀರಿ. ನನಗೆ ಜನ ಗೊತ್ತು.”

ನಾವೆಲ್ಲ ಕೈಯೆತ್ತಿ ಒಪ್ಪಿದೆವು. ಕೈಯೆತ್ತುವವರೆಗೆ ಅವರು ಸೀಟಿಯನ್ನು ಬಾಯಿಂದ ತೆಗೆಯುವಂತಿರಲಿಲ್ಲ.

ಆ ಉಪಾಯಗಳು ಫಲಿಸಿದವು ಎಂಬುದನ್ನು ಒಪ್ಪಲೇಬೇಕು. ಡಾಕ್ಟರಮ್ಮನ ಬೋನಿಗೆ ಒಂದು ಇಲಿ ಬಿತ್ತು. ಆಕೆ ಹೆದರುತ್ತಲೇ ತಾವೇ ಓಡಿಸಿಕೊಂಡು ಹೋಗಿ, ಸೇತುವೆಯಾಚೆ ಬಿಟ್ಟು ಬಂದರು. ನನ್ನದೂ ಒಂದು ಹೋಯಿತು. ಕಂಟ್ರೋಲರು ಬೆಳಗ್ಗೆ ಒಂದೊಂದೇ ಕಾರಿನ ಮುಂದೆ ಬಗ್ಗಿ ಜಾಲರಿ ಪರೀಕ್ಷಿಸುತ್ತಿದ್ದರು, ಹೊಗೆಸೊಪ್ಪು ಮೂಸಿ ನೋಡುತ್ತಿದ್ದರು, ಸೀನುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ನಮ್ಮ ಕಾರುಗಳಲ್ಲಿ ಇಲಿಯ ಹಿಕ್ಕೆಯೂ ಕಾಣದಂತಾಯಿತು.

ಆದರೆ ಇಲಿಗಳು ಊರು ಬಿಟ್ಟು ಹೋಗುವವಲ್ಲ, ಮನೆ ಬದಲಿಸುವವು. ಎಲ್ಲ ಕಾರುಗಳ ಬಾಗಿಲೂ ಮುಚ್ಚಿದ ಮೇಲೆ ತೆರೆದಿದ್ದದ್ದು ಒಂದೇ ಕಾರು. ಅದು ಅಲುಗಾಡುತ್ತಿರಲಿಲ್ಲ. ಅದರ ಮೇಲೆ ದಪ್ಪ ಹೊದಿಕೆ ಇತ್ತು. ಕತ್ತಲೆ, ಬೆಚ್ಚಗೆ. ಅದಕ್ಕೆ ಜಾಲರಿ ಇರಲಿಲ್ಲ, ಹೊಗೆಸೊಪ್ಪಿರಲಿಲ್ಲ. ಯಾಕೆಂದರೆ ಎಲ್ಲರ ಕಾರನ್ನೂ ಪರೀಕ್ಷಿಸುವವರ ಕಾರನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಕಂಟ್ರೋಲರು ಇಲಿಗಳಿಗೆ ಅನ್ನ ಹಾಕಿದರು ಎಂದು ನಾನು ಹೇಳಲಾರೆ; ಅಂಥವರಲ್ಲ. ಅವಕ್ಕೆ ತೊಂದರೆ ಕೊಡಲಿಲ್ಲ, ಅಷ್ಟೆ. ಹೊದಿಕೆಯ ಅಂಚು ಗಾಳಿಗೆ ಎದ್ದರೆ ಹೋಗಿ ಮೆಲ್ಲನೆ ಸರಿಮಾಡಿ ಬರುತ್ತಿದ್ದರು, ಒಳಗೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಭಾನುವಾರದ ಬೆಳಗ್ಗೆ ಅವರ ಅಡುಗೆಮನೆಯ ಕಿಟಕಿಯಿಂದ ಮಾತು ಕೇಳಿಬರುತ್ತಿತ್ತು.

“ರೀ, ಈ ವಾರ?”

“ಇಲಿ ಇದೆ ಕಣೇ.”

“ಊರಿನವರ ಇಲಿನೆಲ್ಲ ಓಡಿಸ್ತೀರಿ.”

“ಇದು ಬೇರೆ ಜಾತೀದು. ಹಟಮಾರಿ.”

“ಹೌದು, ನೋಡ್ತಾ ಇದೀನಲ್ಲ.”

ಅಷ್ಟಕ್ಕೆ ಪಾತ್ರೆಯ ಸದ್ದು ಶುರುವಾಗುತ್ತಿತ್ತು.

ಒಂದು ದಿನ ಅಕ್ಕನ ಫೋನು ಬಂತು. ಆಗ ನಾನು ಅವರ ಮನೆಗೆ ಏಣಿ ಕೇಳಲು ಹೋಗಿದ್ದೆ. ಕಂಟ್ರೋಲರು ಏಣಿಯನ್ನು ಹೇಗೆ ಹಿಡಿಯಬೇಕು ಎಂದು ನನಗೆ ಹೇಳಿಕೊಡುತ್ತಿದ್ದರು. ಫೋನಿನ ದನಿ ಜೋರಾಗಿತ್ತು. ಅಕ್ಕನಿಗೆ ಕಿವಿ ಸ್ವಲ್ಪ ಮಂದ.

“ಡಾಕ್ಟ್ರು ಇನ್ನೂ ಆರು ತಿಂಗಳು ಮೆಟ್ಟಿಲು ಮುಟ್ಟಬೇಡಿ ಅಂದ್ರು ಕಣೇ. ನನಗೇನೂ ಬೇಜಾರಿಲ್ಲ. ಕಿಟಕೀಲಿ ಕೂತಿರ್ತೀನಿ. ಬಿಳೀ ಕಾರು ಬಂದ್ರೆ ನೀನೇ ಅನ್ಕೋತೀನಿ. ಎಷ್ಟು ಬಿಳೀ ಕಾರು ಇದಾವೆ ಅಂತೀಯ ಈ ಊರಲ್ಲಿ!”

“ಬರ್ತೀನಿ ಅಕ್ಕಾ.”

“ಅವಸರ ಏನಿಲ್ಲ. ಇಲಿ ಹೇಗಿದೆ?”

“ಚೆನ್ನಾಗಿದೆ” ಎಂದು ಹೇಳಿ ಆಕೆ ಫೋನಿಟ್ಟರು.

ಕಂಟ್ರೋಲರು ಏಣಿಯನ್ನು ನನ್ನ ಕೈಗೆ ಕೊಟ್ಟರು. ಹೇಗೆ ಹಿಡಿಯಬೇಕೆಂಬ ಪಾಠ ಅರ್ಧಕ್ಕೇ ನಿಂತಿತು. ನಾನು ಬಾಗಿಲು ದಾಟುವಾಗ ಹಿಂದೆ ತಿರುಗಿ ನೋಡಿದೆ. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು.

ಆ ವಾರವೇ ಆಕೆ ಡಾಕ್ಟರಮ್ಮನ ಮನೆಗೆ ಹೋಗಿ ಬೋನನ್ನು ಕೇಳಿ ತಂದರು. ಶನಿವಾರ ಮಧ್ಯಾಹ್ನ ಕಂಟ್ರೋಲರು ಮನೆಯಲ್ಲಿರಲಿಲ್ಲ. ಅವರ ಕೀರ್ತಿ ಹಬ್ಬಿ, ಪಕ್ಕದ ಬೀದಿಯ ಕಟ್ಟಡದವರು ಇಲಿ ನಿವಾರಣೆಯ ಬಗ್ಗೆ ಮಾತಾಡಲು ಅವರನ್ನು ಕರೆದಿದ್ದರು. ಅವರು ಅಲ್ಲಿ ಕತ್ತಲೆ ಮತ್ತು ಬೆಚ್ಚಗಿನ ಜಾಗದ ಬಗ್ಗೆ ವಿವರಿಸುತ್ತಿದ್ದಾಗ, ಇಲ್ಲಿ ಅವರ ಹೆಂಡತಿ ಹೊದಿಕೆ ತೆಗೆಸಿ, ಮೆಕ್ಯಾನಿಕ್‌ನಿಂದ ಬಾನೆಟ್ ಎತ್ತಿಸಿದರು. ಒಳಗೆ ಇಲಿಗಳು ಹತ್ತಿ, ಕಾಗದ, ಹೊದಿಕೆಯದೇ ಚಿಂದಿ ಎಲ್ಲ ಸೇರಿಸಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದವು. ಗದ್ದಲಕ್ಕೆ ಆ ಇಲಿಮನೆಯವರೆಲ್ಲ ಓಡಿಹೋದರು. ಮೆಕ್ಯಾನಿಕ್ ಗೂಡು ಕಿತ್ತು, ವೈರು ಜೋಡಿಸಿ, ಜಾಲರಿ ಕೂರಿಸಿ, ಕಾರು ಚಾಲೂ ಮಾಡಿ ತೋರಿಸಿದ. “ಅಮ್ಮಾ, ಗಾಡಿ ಚಿನ್ನ. ಓಡಿಸದೇ ಇಟ್ರೆ ಮಾತ್ರ ಮತ್ತೆ ಬರ್ತಾವೆ” ಎಂದ. ಆಕೆ ಬೋನಿಗೆ ಕಡಲೆಬೀಜ ಸಿಕ್ಕಿಸಿ, ಚಾಲಕನ ಸೀಟಿನ ಕೆಳಗಿಟ್ಟು, ಹೊದಿಕೆಯನ್ನು ಮೊದಲಿದ್ದಂತೆಯೇ ಹೊದಿಸಿದರು.

ಭಾನುವಾರ ಬೆಳಗ್ಗೆ ನಾವೆಲ್ಲ ಕೆಳಗೆ ಕಾರು ತೊಳೆಯುತ್ತಿದ್ದೆವು. ಕಂಟ್ರೋಲರು ನಾವು ಹೇಗೆ ತೊಳೆಯಬೇಕೆಂದು ಹೇಳುತ್ತಿದ್ದರು. ಆಕೆ ಬಂದು ಹೊದಿಕೆ ಸರಿಸಿ, ಬಾಗಿಲು ತೆಗೆದು, ಬಗ್ಗಿ, ಟವೆಲು ಮುಚ್ಚಿದ ಬೋನನ್ನು ಹೊರಗೆ ತಂದರು. ಟವೆಲು ಎತ್ತಿದರು. ಒಳಗೆ ಒಂದು ದಪ್ಪನೆಯ ಇಲಿ ಕೂತು ನಮ್ಮನ್ನೆಲ್ಲ ನೋಡುತ್ತಿತ್ತು.

“ಸಿಕ್ತು ನೋಡ್ರೀ, ನಿಮ್ಮ ಹಟಮಾರಿ” ಎಂದರು.

ಬಕೆಟುಗಳು ಕೆಳಗಿಳಿದವು.

“ಅಯ್ಯೋ ಸಾರ್, ನಿಮ್ಮ ಕಾರಲ್ಲೇ?” ಎಂದು ಡಾಕ್ಟರಮ್ಮ ಕೇಳಿದರು.

ಕಂಟ್ರೋಲರು ಸುಧಾರಿಸಿಕೊಂಡರು. “ಕಡೇದು ಇದೇ. ಎಲ್ಲಾ ಕಡೆಯಿಂದ ಅಟ್ಟಿದ್ದೀನಲ್ಲ, ಬೇರೆಲ್ಲಿ ಹೋಗತ್ತೆ? ಇರ್ಲಿ. ಸೇತುವೆ ಆಚೆ ಬಿಡಬೇಕು. ಯಾರಾದ್ರೂ ಆ ಕಡೆ ಹೋಗ್ತಾ ಇದೀರಾ?”

ಕಾರುಗಳಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

“ಡಾಕ್ಟ್ರೇ, ನಿಮ್ಮ ಗಾಡಿ ಹೊರಗೇ ಇದೆ...”

“ಕೊಡ್ತಿದ್ದೆ ಸಾರ್. ಆದ್ರೆ ಯಾರ ಕಾರಲ್ಲಿ ಸಿಗತ್ತೋ ಅವರೇ, ಅದೇ ಕಾರಲ್ಲಿ, ತಾವೇ ಓಡಿಸ್ಕೊಂಡು. ನೀವೇ ಹೇಳಿದ್ದು. ನಾನು ಹೆದರ್ಕೊಂಡೇ ಹೋಗಿ ಬಂದೆ.”

“ನನ್ನ ಗಾಡಿ ವೈರು ಕಡಿದಿರತ್ತೆ. ಸ್ಟಾರ್ಟೇ ಆಗಲ್ಲ.”

ಹೆಂಡತಿ ಬೋನನ್ನು ನನ್ನ ಕೈಗೆ ಕೊಟ್ಟು, ಒಳಗೆ ಕೈಹಾಕಿ ಕೀಲಿ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಆ ಸದ್ದು ಕೇಳಿ ಕಂಟ್ರೋಲರು ಗೇಟಿನ ಕಡೆ ನೋಡಿದರು. ಒಂದು ಕಡೆ ಗೇಟಿನ ಕಂಬ ನಿಂತಿತ್ತು. ಇನ್ನೊಂದು ಕಡೆ ನಾವೆಲ್ಲ ನಿಂತಿದ್ದೆವು. ಇಷ್ಟು ಜನರ ಮುಂದೆ ‘ನನಗೆ ಭಯ’ ಎನ್ನಬೇಕು, ಇಲ್ಲವೇ ಓಡಿಸಬೇಕು. ಅವರು ಮೂರನೆಯದೊಂದಕ್ಕಾಗಿ ಸುತ್ತಲೂ ನೋಡಿದರು. ಸಿಗಲಿಲ್ಲ.

“ಸಾಕ್ಷಿ ಯಾರು?” ಎಂದರು. ದನಿ ಸಣ್ಣಗಿತ್ತು.

ಬೋನು ನನ್ನ ಕೈಯಲ್ಲೇ ಇತ್ತು. ಹೀಗೆ ನಾನು ಸಾಕ್ಷಿಯಾದೆ.

ಆಕೆ ಮುಂದಿನ ಸೀಟಿನಲ್ಲಿ ಕೂತು ಬೋನನ್ನು ತೊಡೆಯ ಮೇಲಿಟ್ಟುಕೊಂಡರು. ಒಳ್ಳೆಯ ಸೀರೆಯುಟ್ಟಿದ್ದರು ಎಂಬುದನ್ನು ನಾನು ಆಗಷ್ಟೇ ಗಮನಿಸಿದೆ. ನಾನು ಹಿಂದೆ ಕೂತೆ. ಅಲ್ಲಿ ಒಂದು ಹಣ್ಣಿನ ಚೀಲವೂ ಇತ್ತು. ಕಂಟ್ರೋಲರು ಕನ್ನಡಿ ಸರಿಮಾಡಿದರು. ಇನ್ನೊಂದು ಕನ್ನಡಿ ಸರಿಮಾಡಿದರು. ಮೊದಲನೆಯದನ್ನು ಮತ್ತೆ ಸರಿಮಾಡಿದರು. ಆಮೇಲೆ, ಬೇರೇನೂ ಉಳಿಯದೆ, ಸೀಟಿಯನ್ನು ಬಾಯಿಗಿಟ್ಟು ತಮಗೆ ತಾವೇ ಊದಿಕೊಂಡರು. ಕಾರು ಹೊರಟಿತು.

ಗೇಟಿನಲ್ಲಿ ನಮ್ಮ ಕಟ್ಟಡದವರೆಲ್ಲ ಎರಡು ಸಾಲಾಗಿ ನಿಂತಿದ್ದರು. ಡಾಕ್ಟರಮ್ಮ ಕಂಬದ ಮುಂದೆ ನಿಂತು, ಬಾಯಿ ಅಗಲ ಮಾಡಿ ಎಂದು ರೋಗಿಗೆ ಹೇಳುವ ಹಾಗೆ ಕೈಸನ್ನೆ ಮಾಡುತ್ತಿದ್ದರು. ಕಾರು ಇಂಚಿಂಚೇ ಮುಂದೆ ಹೋಯಿತು. ಕಂಟ್ರೋಲರು ಉಸಿರು ಬಿಗಿಹಿಡಿದಿದ್ದರು, ನಾವೂ ಹಿಡಿದಿದ್ದೆವು. ಬೋನಿನಲ್ಲಿ ಇಲಿ ಕೂಡ ಅಲ್ಲಾಡಲಿಲ್ಲ. ಕಂಬ ಎಡಗಡೆಯಿಂದ ಹಿಂದಕ್ಕೆ ಹೋಯಿತು. ಮುಟ್ಟಲಿಲ್ಲ.

“ದಾಟಿದ್ವಿ ರೀ. ಕಣ್ಣು ಬಿಡಿ” ಎಂದರು ಹೆಂಡತಿ.

ಅವರು ನಿಜವಾಗಿ ಕಣ್ಣು ಮುಚ್ಚಿದ್ದರೇ ಎಂಬುದನ್ನು ನನಗೆ ಹಿಂದಿನ ಸೀಟಿನಿಂದ ನೋಡಲಾಗಲಿಲ್ಲ.

ದೊಡ್ಡ ರಸ್ತೆಯಲ್ಲಿ ನಮ್ಮ ಕಾರನ್ನು ಸೈಕಲ್ಲುಗಳು ಹಿಂದೆ ಹಾಕಿದವು. ಹೆಗಲಿಗೆ ಗೋಣಿಚೀಲ ಹೊತ್ತ ಒಬ್ಬ ಹೆಂಗಸು ಸ್ವಲ್ಪ ದೂರ ಜೊತೆಜೊತೆಗೇ ನಡೆದು, ಬೇಜಾರಾಗಿ ಮುಂದೆ ಹೋದಳು. ಸೇತುವೆಯ ಮೇಲೆ ಹತ್ತಿದಾಗ ಹಿಂದಿನಿಂದ ಹಾರನ್ನುಗಳ ಮೆರವಣಿಗೆ ಶುರುವಾಯಿತು. ಕಂಟ್ರೋಲರು ಹೆದರಿ ಕ್ಲಚ್ ಬಿಟ್ಟರು. ಕಾರು ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತು.

ಎಡಪಕ್ಕಕ್ಕೆ ಒಂದು ಬಸ್ಸು ಬಂದು ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಬೈಯಲು ಬಾಯಿ ತೆರೆದವನು ಹಾಗೇ ನಿಂತ.

“ಸಾರ್? ನೀವಾ?”

ಕಂಟ್ರೋಲರು ಮುಂದೆಯೇ ನೋಡುತ್ತಿದ್ದರು. “ಹ್ಞೂಂ. ಸ್ವಲ್ಪ ಕೆಲಸ ಇತ್ತು. ಇಲಿ ವಿಷಯ.”

ಚಾಲಕ ಬಸ್ಸನ್ನು ತುಸು ಹಿಂದೆ ತಂದು ನಮ್ಮ ಕಾರಿನ ಎಡಮಗ್ಗುಲನ್ನು ಮೇಲಿಂದ ಕೆಳಗೆ ನೋಡಿದ. ಅನುಭವಸ್ಥ. ಒಂದೇ ನೋಟಕ್ಕೆ ಗೀರಿನ ಉದ್ದ, ಆಳ, ವಯಸ್ಸು ಎಲ್ಲ ಅಂದಾಜು ಮಾಡಿದ.

“ಬಾಗಿಲಿಗೆ ಏನಾಯ್ತು ಸಾರ್?”

ಹಿಂದೆ ಇಡೀ ಊರು ಹಾರನ್ ಒತ್ತುತ್ತಿತ್ತು.

“ಕಂಬ” ಎಂದರು ಕಂಟ್ರೋಲರು. “ಕಟ್ಟಿರೋದೇ ಸರಿಯಿಲ್ಲ ಕಣಯ್ಯಾ.”

“ನಾನೂ ಅದನ್ನೇ ಹೇಳಿದ್ದೆ ಸಾರ್” ಎಂದ ಚಾಲಕ. ನಗಲಿಲ್ಲ. ಆ ಒಂದು ಕಾರಣಕ್ಕೆ ಅವನ ಮೇಲೆ ನನಗೆ ಇವತ್ತಿಗೂ ಗೌರವವಿದೆ. “ನೀವು ಆರಾಮಾಗಿ ಹೋಗಿ. ನಾನು ಹಿಂದೆ ಇರ್ತೀನಿ. ನನ್ನ ದಾಟಿ ಯಾರು ಬರ್ತಾರೋ ನೋಡೋಣ.”

ಅವನು ಬಸ್ಸನ್ನು ನಮ್ಮ ಹಿಂದೆ ಅಡ್ಡಡ್ಡವಾಗಿ ತಂದು, ಸೇತುವೆಯ ಅಗಲವನ್ನೆಲ್ಲ ತಾನೇ ಹಿಡಿದುಕೊಂಡ. ಕಂಟ್ರೋಲರು ಕೀಲಿ ತಿರುಗಿಸಿದರು. ಕಾರು ಹೊರಟಿತು. ಮುಂದೆ ನಮ್ಮ ಸಣ್ಣ ಬಿಳಿ ಕಾರು, ಹಿಂದೆ ಕಾವಲಿಗೆ ಬಸ್ಸು, ಅದರ ಹಿಂದೆ ಬೈಗುಳದ ಹೊಳೆ. ಹೀಗೆ ನಾವು ಹೊಳೆ ದಾಟಿದೆವು.

ಬಯಲಿನಲ್ಲಿ ಇಳಿದು ಬೋನಿನ ಬಾಗಿಲು ಎತ್ತಿದೆವು. ಇಲಿ ಹೊರಡಲಿಲ್ಲ. ಕಡಲೆಬೀಜ ಮುಗಿಸಿಕೊಂಡು, ಮೀಸೆ ಒರೆಸಿಕೊಂಡು, ಹೊರಗಿನ ಬಯಲನ್ನು ನೋಡಿ ಮತ್ತೆ ಒಳಗೇ ಸರಿಯಿತು. ಕಂಟ್ರೋಲರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಹೋಗಪ್ಪ” ಎಂದರು. ಬಸ್ಸುಗಳಿಗೆ ಅವರು ಹಾಗೆ ಎಂದೂ ಹೇಳಿರಲಾರರು. “ಏನಾಗಲ್ಲ. ಹೊರಗೆ ಬಂದ್ಮೇಲೆ ಅಷ್ಟೇನೂ ಭಯ ಇರಲ್ಲ.”

ಇಲಿ ಸ್ವಲ್ಪ ಯೋಚಿಸಿ, ಒಂದೇ ಓಟಕ್ಕೆ ಹುಲ್ಲಿನೊಳಗೆ ಮಾಯವಾಯಿತು.

ಹೆಂಡತಿ ಟವೆಲು ಮಡಚುತ್ತ, ಎತ್ತಲೋ ನೋಡುತ್ತ, “ಇಲ್ಲಿಂದ ಅಕ್ಕನ ಮನೆ ಮೂರು ತಿರುವು” ಎಂದರು.

“ಎಂಜಿನ್ ಬಿಸಿಯಾಗಿರತ್ತೆ ಕಣೇ. ಸ್ವಲ್ಪ...”

“ಬೇಡ ಅಂದ್ರೆ ಬೇಡ. ಇಲಿಗಾದ್ರೆ ಬಂದ್ರಿ. ಅಕ್ಕ ಇಲಿಯಲ್ಲವಲ್ಲ.”

ನಾನು ಸಾಕ್ಷಿ, ಬಯಲಿನ ಹುಲ್ಲನ್ನು ಪರೀಕ್ಷಿಸುತ್ತ ನಿಂತೆ. ಕಂಟ್ರೋಲರು ಕಾರಿನ ಎಡಗಡೆಗೆ ಬಂದು ಆ ಗೀರಿನ ಮೇಲೆ ಒಮ್ಮೆ ಕೈಯಾಡಿಸಿದರು. ಅವರು ಅದನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಹೆಂಡತಿಗೆ ಬಾಗಿಲು ತೆಗೆದರು.

“ಕೂತ್ಕೋ. ತಿರುವು ಬಂದಾಗ ಮುಂಚೆನೇ ಹೇಳು.”

ಮೂರನೇ ಮಹಡಿಯ ಕಿಟಕಿಯಲ್ಲಿ ಅಕ್ಕ ಕೂತಿದ್ದರು. ಬಿಳಿಯ ಕಾರೊಂದು ಬಂತು. ಅವರು ಅಭ್ಯಾಸದಿಂದ ನೋಡಿದರು, ಮುಖ ತಿರುಗಿಸಿದರು, ಮತ್ತೆ ನೋಡಿದರು. ಕಂಟ್ರೋಲರು ಹಾರನ್ ಒತ್ತುವ ಬದಲು ಸೀಟಿ ಊದಿದರು. ಮೂರು ಮಹಡಿ ಹತ್ತುವುದಕ್ಕೆ ತಂಗಿಗೆ ಬಹಳ ಹೊತ್ತು ಹಿಡಿಯಿತು. ಪ್ರತಿ ಮೆಟ್ಟಿಲಿಗೂ ನಿಂತು, ಗಂಡನ ಭುಜ ಹಿಡಿದು ಹತ್ತಿದರು. ಮೇಲೆ ಬಾಗಿಲು ತೆರೆದೇ ಇತ್ತು.

“ಯಾರೇ ಕರ್ಕೊಂಡು ಬಂದಿದ್ದು?” ಎಂದು ಅಕ್ಕ ಒಳಗಿನಿಂದಲೇ ಕೂಗಿದರು.

“ಇಲಿ, ಅಕ್ಕಾ.”

“ಆಂ?”

“ಇವರೇ, ಇವರೇ!”

“ಓಡಿಸ್ಕೊಂಡಾ? ತಾವೇ?”

“ಏನತ್ತಿಗೆ, ಇದರಲ್ಲೇನಿದೆ?” ಎಂದರು ಕಂಟ್ರೋಲರು. ಅಷ್ಟರಲ್ಲಿ ಅವರ ದನಿ ಪೂರ್ತಿ ವಾಪಸು ಬಂದಿತ್ತು. “ಸೇತುವೆ ಮೇಲೆ ಬಸ್ಸಿನವನೇ ನಿಂತು ದಾರಿ ಬಿಟ್ಟ.”

ಅಕ್ಕತಂಗಿಯರು ಕಿಟಕಿಯ ಹತ್ತಿರ ಕೂತರು. ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಆ ಹೆಂಗಸು ಅಷ್ಟು ಮಾತಾಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಕಂಟ್ರೋಲರು ನಡುವೆ ಎರಡು ಸಲ ಬಾಯಿ ತೆರೆದರು, ಜಾಗ ಸಿಗಲಿಲ್ಲ. ಆಮೇಲೆ ನನಗೆ ಹಣ್ಣು ಹೆಚ್ಚುವುದು ಹೇಗೆಂದು ಹೇಳಿಕೊಟ್ಟರು.

ಕೆಲವು ತಿಂಗಳಾದ ಮೇಲೆ ನನ್ನ ದವಡೆಹಲ್ಲು ಕೈಕೊಟ್ಟಿತು. ಡಾಕ್ಟರಮ್ಮ ನನ್ನ ಬಾಯಿಗೆ ಹತ್ತಿ ತುಂಬಿ, ಯಂತ್ರ ಹಚ್ಚಿ, ಸುಮ್ಮನೆ ಹೊತ್ತು ಕಳೆಯಲೆಂದು ಹೇಳಿದರು: “ಆ ಇಲಿ ಇತ್ತಲ್ಲ, ನಮ್ಮ ಆಸ್ಪತ್ರೆ ಉಗ್ರಾಣದ ಬೋನಿಗೆ ಬಿದ್ದಿದ್ದು ಸಾರ್. ಕಾರಿನ ಗೂಡು ಕಿತ್ತ ಮೇಲೆ ಅಲ್ಲಿ ಇಲಿ ಎಲ್ಲಿ ಬೀಳತ್ತೆ? ಬೆಳಗ್ಗೆ ಬೋನು ಖಾಲಿ. ಕಂಟ್ರೋಲರ ಮನೆ ಅಮ್ಮ ಬಂದು, ‘ನಿಮ್ಮಲ್ಲಿ ಒಂದಿದ್ರೆ ಕೊಡ್ತೀರಾ?’ ಅಂತ ಕೇಳಿದ್ರು. ಅವರು ಯಾರ ಹತ್ರಾನೂ ಏನೂ ಕೇಳ್ದೋರಲ್ಲ. ಹೇಗೆ ಇಲ್ಲ ಅನ್ನಲಿ?”

ನಾನು ಸಾಕ್ಷಿಯಾಗಿದ್ದವನು. ನಿಯಮದ ಪ್ರಕಾರ ಆ ಇಲಿಯನ್ನು ಡಾಕ್ಟರಮ್ಮನೇ ಒಯ್ಯಬೇಕಿತ್ತು ಎಂಬ ಆಕ್ಷೇಪಣೆ ನನ್ನ ಬಾಯಲ್ಲಿತ್ತು. ಹತ್ತಿಯೂ ಇತ್ತು.

ಈಗ ಪ್ರತಿ ಭಾನುವಾರ ಆ ಬಿಳಿಯ ಕಾರು ಗೇಟು ದಾಟುತ್ತದೆ. ಹೊದಿಕೆಯನ್ನು ಹರಿದು ಕಾರು ಒರೆಸುವ ಬಟ್ಟೆ ಮಾಡಿ ನಮಗೆಲ್ಲ ಹಂಚಿದ್ದಾರೆ. ಕಂಟ್ರೋಲರು ತಮ್ಮ ಭಾಷಣಕ್ಕೆ ಹೊಸದೊಂದು ಅಂಶ ಸೇರಿಸಿದ್ದಾರೆ: ಓಡುವ ಕಾರಿನಲ್ಲಿ ಇಲಿ ನಿಲ್ಲುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆಯಾದರೂ ಕಾರನ್ನು ಸೇತುವೆಯಾಚೆ ಒಯ್ಯಬೇಕು. ತಾವು ಇದನ್ನು ಬಹುಕಾಲದ ಪ್ರಯೋಗದಿಂದ ಕಂಡುಕೊಂಡದ್ದು ಎನ್ನುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಕಂಬದ ಕತೆಯನ್ನು ಮಾತ್ರ ಈಚೆಗೆ ಹೇಳುವುದಿಲ್ಲ.

ಹೋದ ಭಾನುವಾರ ಮೋಡ ಮುಚ್ಚಿತ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನನಗೆ ಅಡುಗೆಮನೆಯ ಕಿಟಕಿಯ ಮಾತು ಕೇಳಿಸಿತು.

“ಕ್ಲಚ್ ಯಾಕೋ ಸ್ವಲ್ಪ ಬಿಗಿ ಅನ್ನಿಸ್ತಾ ಇದೆ ಕಣೇ. ಈ ವಾರ...”

“ಹೌದಾ?” ಎಂದರು ಆಕೆ. ಕಪಾಟಿನ ಬಾಗಿಲು ತೆರೆದ ಸದ್ದು. “ರೀ, ಕಡಲೆಬೀಜದ ಡಬ್ಬಿ ಎಲ್ಲಿಟ್ರಿ?”

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸೀಟಿಯ ಸದ್ದು ಕೇಳಿಸಿತು.